ಸುರಂಗದಾಚೆಯ ಸಂಸಾರ

ಆ ಮಳೆಗಾಲದಲ್ಲಿ ಕಸ್ತೂರಿಯ ಬಾಯಿಂದ ಹೊರಬಿದ್ದ ಮೊದಲ ಮಾತು ಒಂದು ಬೈಗುಳ. ಅದು ಬಿದ್ದದ್ದು ಸರಕಾರಿ ನೌಕರನೊಬ್ಬನ ಮೇಲೆ, ಹಾಡುಹಗಲಲ್ಲಿ, ಡೇರೆಯ ಕೊನೆಯ ಸಾಲಿಗೂ ಮೈಕಿಲ್ಲದೆ ಮುಟ್ಟುವಂತೆ ಪಳಗಿಸಿದ ಕಂಠದಲ್ಲಿ. ಓಣಿಯ ಜನ ಬೈಗುಳಕ್ಕೆ ಬೆಚ್ಚಲಿಲ್ಲ, ಅದನ್ನು ಅವರು ನಿತ್ಯ ಕೇಳುವವರು, ಆಡುವವರು. ಮಳೆಗಾಲದಲ್ಲಿ ಕಸ್ತೂರಕ್ಕ ಮಾತಾಡಿದಳಲ್ಲ ಎಂದು ಬೆಚ್ಚಿದರು.

ಕಸ್ತೂರಿ ನಾಟಕ ಕಂಪನಿಯ ನಟಿ. ನಾಯಕಿಯಾಗಿ ಸೇರಿದವಳು ಕಾಲಕ್ರಮದಲ್ಲಿ ಅತ್ತೆಯಾಗಿದ್ದಳು. ಮಳೆ ಹಿಡಿದರೆ ಕಂಪನಿ ಡೇರೆ ಬಿಚ್ಚುತ್ತದೆ, ಕಲಾವಿದರು ತಂತಮ್ಮ ಊರಿಗೆ ಹೋಗುತ್ತಾರೆ. ಆ ತಿಂಗಳುಗಳು ಗಂಟಲಿನವು ಎಂದು ಅವಳಿಗೆ ಹಾಡು ಕಲಿಸಿದ ಮಾಸ್ತರರು ಹೇಳಿಕೊಟ್ಟಿದ್ದರು. ಮೊದಲ ಮಳೆಯಿಂದ ಡೇರೆ ಮತ್ತೆ ಏಳುವವರೆಗೆ ಒಂದು ಸೊಲ್ಲೂ ಆಡಬಾರದು. ಅವಳು ನವಲಗೇರಿಯ ತನ್ನ ಎರಡು ಕೋಣೆಯ ಮನೆಯಲ್ಲಿ ಮೆಣಸಿನ ಕಷಾಯ ಕುಡಿಯುತ್ತ, ಬದನೆಕಾಯಿ ಎಷ್ಟು ಬೇಕೆಂದು ಬೆರಳಲ್ಲಿ ತೋರಿಸುತ್ತ, ಮುಂದಿನ ನಾಟಕದ ಮಾತುಗಳನ್ನು ತುಟಿ ಅಲ್ಲಾಡಿಸದೆ ಬಾಯಿಪಾಠ ಮಾಡುತ್ತ ಇರುತ್ತಿದ್ದಳು. ಆ ಮನೆ ಪೂರ್ತಿ ಅವಳ ದುಡಿಮೆಯದು. ಅದರ ಗೋಡೆಗಳು ಎದ್ದದ್ದು ಸೊಸೆಯಂದಿರ ಕಣ್ಣೀರಿನಿಂದ ಎಂದು ಕಂಪನಿಯ ಹಾಸ್ಯನಟ ಮೈಬೂಸಾಬ ಚಾಷ್ಟಿ ಮಾಡುವುದಿತ್ತು.

ಇನ್ನು ಸರಕಾರದ ವಿಷಯ. ಊರುಗಳಲ್ಲಿ ಜನರಿಗೆ ಮನೆಗಳಿಲ್ಲ, ಮನೆಗಳಲ್ಲಿ ಜನರಿಲ್ಲ ಎಂಬುದು ತಡವಾಗಿಯಾದರೂ ಅದರ ಗಮನಕ್ಕೆ ಬಂದಿತ್ತು. ದುಡ್ಡಿದ್ದವರು ಕಟ್ಟಿಸಿ ಬೀಗ ಜಡಿದು ಬೆಲೆ ಏರಲೆಂದು ಕಾಯುತ್ತಿದ್ದರು. ಹಾಗಾಗಿ ವಾಸ ಕಾಯಿದೆ ಬಂತು: ಖಾಲಿ ಬಿಟ್ಟ ಮನೆಯನ್ನು ವಸತಿ ಮಂಡಳಿ ತನ್ನ ವಶಕ್ಕೆ ತೆಗೆದುಕೊಂಡು ಮನೆಯಿಲ್ಲದವರಿಗೆ ಬಾಡಿಗೆಗೆ ಕೊಡುತ್ತದೆ. ಕಾಯಿದೆ ಬಂದಾಗ ಕಸ್ತೂರಿಯೂ ಚಪ್ಪಾಳೆ ತಟ್ಟಿದ್ದಳು.

ಮನೆ ಖಾಲಿಯೋ ಅಲ್ಲವೋ ಎಂದು ತಿಳಿಯಲು ಪ್ರತಿ ಬಾಗಿಲ ಮೇಲೂ ಒಂದು ಮಾಪಕ ಕೂತಿತು. ಮೊದಮೊದಲು ಅದು ಕರೆಂಟು, ಇಂಟರ್ನೆಟ್ಟು ಎರಡನ್ನೇ ಅಳೆಯುತ್ತಿತ್ತು. ಬೀಗದ ಮನೆಯವರು ದೀಪಕ್ಕೂ ಪಂಪಿಗೂ ಟೈಮರ್ ಹಾಕಿಸಿದರು, ಸಂಜೆಯಾದರೆ ಭೂತಬಂಗಲೆಗಳೆಲ್ಲ ಝಗಮಗಿಸಿದವು. ಆಗ ಮಾಪಕಕ್ಕೆ ಕಿವಿ ಕೊಟ್ಟರು. ಮನೆ ಎಂದರೆ ಮಾತು ಎಂದು ತಜ್ಞರು ವರದಿ ಬರೆದರು. ಅಡಿಗೆಮನೆಯ ಗೊಣಗಾಟ, ಮಕ್ಕಳ ಜಗಳ, ಫೋನಿನ ಹರಟೆ ಎಲ್ಲ ಕೇಳಿ ಅದು ನೂರಕ್ಕೆ ಇಂತಿಷ್ಟು ಎಂದು ವಾಸಾಂಕ ಕೊಡುತ್ತದೆ. ಧ್ವನಿ ಮುದ್ರಿಸಿ ಹಚ್ಚಿದರೆ ಎರಡನೆಯ ಸಲಕ್ಕೇ ಗುರುತು ಹಿಡಿಯುತ್ತದೆ. ಜನ ಅದನ್ನು ಕಿವಿಡಬ್ಬಿ ಎಂದರು.

ಕಸ್ತೂರಿಯ ಬಾಗಿಲಿಗೆ ನೋಟೀಸು ಅಂಟಿಸಲು ಬಂದವನು ವಾಸಾಧಿಕಾರಿ ಪ್ರಸನ್ನಕುಮಾರ. ಮೈಸೂರು ಕಡೆಯ ಹುಡುಗ, ಒಳ್ಳೆಯ ನಡತೆಯವನು. ಅವನು ಗೋಂದು ಹಚ್ಚುತ್ತಿದ್ದಾಗ ಬಾಗಿಲು ಒಳಗಿನಿಂದ ತೆರೆಯಿತು.

"ಈ ಮನೆಯಲ್ಲಿ ಯಾರೂ ವಾಸ ಇಲ್ಲಮ್ಮ" ಎಂದು ಅವನು ಎದುರಿಗೆ ನಿಂತವಳಿಗೆ ತಿಳಿಸಿದ.

ಕಸ್ತೂರಿ ಬೆರಳಿನಿಂದ ತನ್ನ ಎದೆ ತೋರಿಸಿದಳು.

"ನೀವಿರಬಹುದು. ಆದ್ರೆ ವಾಸ ಇಲ್ಲ. ಮೂರು ತಿಂಗಳಿಂದ ವಾಸಾಂಕ ಹನ್ನೊಂದು. ಬೀಗ ಹಾಕಿರೋ ಮನೆಗೂ ಇಲಿ ಓಡಾಡಿ ಹದಿನಾಲ್ಕು ಬರುತ್ತಮ್ಮ."

ಅವಳು ಗಂಟಲು ಮುಟ್ಟಿ, ಆಕಾಶ ತೋರಿಸಿ, ಬಾಯಿಗೆ ಬೀಗ ಹಾಕಿದಂತೆ ಅಭಿನಯಿಸಿದಳು. ಅಭಿನಯ ಚೆನ್ನಾಗಿಯೇ ಇತ್ತು.

"ಮಾತು ಬರಲ್ವಾ? ಅಂಥೋರಿಗೆ ವಿನಾಯಿತಿ ಇದೆ. ಡಾಕ್ಟರ ಸರ್ಟಿಫಿಕೇಟ್ ಏನಾದ್ರೂ…"

"ಮಾತ ಬರತೈತೋ ಭಾಡ್ಯಾ!"

ಎದುರಿನ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು. ಮೂವತ್ತು ಮಳೆಗಾಲ ಕಾಪಾಡಿಕೊಂಡು ಬಂದ ವ್ರತ ಮುರಿದ ಸಿಟ್ಟೂ ಈ ಹುಡುಗನ ಲೆಕ್ಕಕ್ಕೇ ಸೇರಿತು.

"ನಾ ನಿನ್ನ ಕಣ್ಣಿಗೆ ಕಾಣಾಕತ್ತೀನೋ ಇಲ್ಲೋ?"

"ಕಾಣ್ತಿದೀರಮ್ಮ. ನಾನು ಕಂಡಿದ್ದನ್ನ ಸಿಸ್ಟಮ್ ತಗೊಳಲ್ಲ."

"ಹಂಗಾದ್ರ ಇಲ್ಲಂತನ ಬರ್ಕೋ! ಹೌದಪಾ, ಈ ಮನ್ಯಾಗ ಯಾರೂ ಇಲ್ಲ! ಇಲ್ಲಿದ್ದಾಕಿ ಸತ್ತಾಳ! ನಾಕ ಮಂದಿ ಬಂದು ಹೊತ್ಕೊಂಡ ಹೋಗ್ರಿ!"

ಬಾಗಿಲ ಮೇಲಿನ ಡಬ್ಬಿಯ ಹಸಿರು ದೀಪ ಒಮ್ಮೆ ಮಿಟುಕಿತು. ಮಾತು ಸ್ಪಷ್ಟವಾಗಿ ಕೇಳಿಸಿದರೆ ಅದು ಹಾಗೆ ಮಾಡುತ್ತದೆ.

ಪ್ರಸನ್ನಕುಮಾರ ಬೇಸರಿಸಲಿಲ್ಲ. ಮುಂದಿನ ಮೂರು ತಿಂಗಳು ಅಂಕ ಅರವತ್ತರ ಮೇಲಿದ್ದರೆ ನೋಟೀಸು ತಾನಾಗಿ ಬಿದ್ದುಹೋಗುತ್ತದೆ ಎಂದು ತಿಳಿಹೇಳಿದ. ಮುಂದಿನ ಮೂರು ತಿಂಗಳು ತಾನು ಸಿಂಧನೂರಿನ ಕ್ಯಾಂಪಿನಲ್ಲಿರುತ್ತೇನೆ ಎಂದಳು ಅವಳು.

"ಹಾಗಾದ್ರೆ ನಿಜವಾಗ್ಲೂ ವಾಸ ಇಲ್ಲ ಅಂತಾನೇ ಆಯ್ತಲ್ಲಮ್ಮ" ಎಂದ ಅವನು, ಮೃದುವಾಗಿ. ಆ ಮೃದುತನವೇ ಅವಳನ್ನು ಸುಟ್ಟದ್ದು.

ಕಂಪನಿಯಲ್ಲಿ ಖಳನಾಯಕನ ಪಾತ್ರ ಮಾಡುವವನು ಗುರುಶಾಂತ. ರಂಗದ ಮೇಲೆ ಅವನು ಕೊಂದವರಿಗೆ ಲೆಕ್ಕವಿಲ್ಲ. ರಂಗದ ಹಿಂದೆ, ಚಹಾದಲ್ಲಿ ಬಿದ್ದ ಇರುವೆಯನ್ನು ಬೆರಳಿನಿಂದೆತ್ತಿ ಒಣಗಿಸಿ ಬಿಡುವ ಪೈಕಿ. ಬಣ್ಣ ಹಚ್ಚುವ ಮುಂಚೆ ಕಂಪ್ಯೂಟರ್ ಓದಿ ಎರಡು ವರ್ಷ ಅದೇ ಕೆಲಸ ಮಾಡಿದ್ದ. ಕಸ್ತೂರಿ ಅವನನ್ನು ನವಲಗೇರಿಗೆ ಕರೆಸಿಕೊಂಡಳು.

"ಅಕ್ಕಾ, ನಾವು ಸಿಂಧನೂರಾಗ ಕುಂತು ಈ ಮನ್ಯಾಗ ಇರಬೇಕು. ಅಷ್ಟ ಹೌದಲ್ಲ?" ಎಂದ ಅವನು, ಹಳೆಯ ಲ್ಯಾಪ್‌ಟಾಪೊಂದನ್ನು ಅಟ್ಟದ ಮೇಲಿಡುತ್ತ. "ಅದಕ್ಕ ವಿಪಿಎನ್ ಅಂತಾರ. ಸುರಂಗ ಅಂತ ತಿಳ್ಕೋ. ಒಂದು ಬಾಯಿ ನಿನ್ನ ಫೋನಿನ್ಯಾಗ, ಇನ್ನೊಂದು ಬಾಯಿ ಈ ಮನ್ಯಾಗ. ನೀ ಎಲ್ಲೇ ಇದ್ರೂ ನಿನ್ನ ಫೋನು ಈ ಮನೀ ಇಂಟರ್ನೆಟ್ಟಿನಿಂದನ ಹೊರಗ ಹೋಗತೈತಿ. ನೋಡೋರಿಗೆ ನೀ ಇಲ್ಲೇ ಕುಂತಂಗ."

"ಮತ್ತ ಮಾತು?"

"ಮನೀ ಒಳಗಿನ ಸಾಮಾನೆಲ್ಲಾ ಸುರಂಗದಾಗಿಂದ ಕೈಗೆ ಸಿಗತಾವು. ಒಂದು ಸ್ಪೀಕರ್ ಇಡೂಣು. ನೀ ಅಲ್ಲಿ ಮಾತಾಡಿದ್ರ ಇಲ್ಲಿ ಕೇಳತೈತಿ."

ಹೇಳಿದಷ್ಟು ಸಲೀಸಾಗಲಿಲ್ಲ. ಇಂಟರ್ನೆಟ್ಟಿನವರು ಇಡೀ ಬಡಾವಣೆಗೆ ಒಂದೇ ವಿಳಾಸ ಕೊಟ್ಟಿದ್ದರು, ಹೊರಗಿನಿಂದ ಕಸ್ತೂರಿಯ ಮನೆಯನ್ನೇ ಕರೆಯುವ ದಾರಿ ಇರಲಿಲ್ಲ. ಕೊನೆಗೆ ಗುರುಶಾಂತ ಉಪಾಯ ತಿರುಗಿಸಿದ: ಹೊರಗಿನವರು ಮನೆಯನ್ನು ಕರೆಯುವುದು ಬೇಡ, ಮನೆಯೇ ಹೊರಗೆ ಕರೆ ಮಾಡಿ ಲೈನು ಹಿಡಿದುಕೊಂಡಿರಲಿ. ದೂರದ ಬಾಡಿಗೆ ಸರ್ವರೊಂದರಲ್ಲಿ ಮನೆಯ ಯಂತ್ರವೂ ಫೋನೂ ಭೇಟಿಯಾದವು, ಒಂದರ ಕೀಲಿ ಇನ್ನೊಂದಕ್ಕೆ ಗುರುತಾಯಿತು, ಸುರಂಗ ತೆರೆಯಿತು. ಕರೆಂಟು ಹೋದರೆ ಇರಲೆಂದು ಬ್ಯಾಟರಿ ಕೂಡಿಸಿದ.

"ನಡುವ ಯಾರಾರ ಕದ್ದು ಕೇಳಿದ್ರ?"

"ಸುರಂಗದೊಳಗ ದೇವರಿಗೂ ಕೇಳಂಗಿಲ್ಲಕ್ಕಾ. ಗೂಢಲಿಪಿ. ಆದ್ರ ಸುರಂಗದ ಬಾಯಿ ಈ ಮನ್ಯಾಗ ಐತೆಲ್ಲ, ಇಲ್ಲಿ ಹೊರಗ ಬಿದ್ದ ಮಾತು ಡಬ್ಬಿಗೆ ಕೇಳತೈತಿ. ಕೇಳಲಿ ಅಂತನ ಮಾಡಾಕತ್ತೇವಿ."

ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಡೇರೆ ಎದ್ದಿತು. ಮೊದಲ ಮುಂಜಾನೆ ಕಸ್ತೂರಿ ಟ್ರಂಕಿನ ಮೇಲೆ ಫೋನಿಟ್ಟುಕೊಂಡು ತನ್ನ ಮನೆಯಲ್ಲಿ ಮಾತಾಡಿದಳು. ಅಕ್ಕಿ ಮುಗಿದಿದೆ ಎಂದಳು. ಬಿಸಿಲು ಬಿದ್ದಿದೆ ಎಂದಳು. ಸಂಜೆಯ ಹೊತ್ತಿಗೆ ಅಂಕ ಹತ್ತೊಂಬತ್ತು. ಪಕ್ಕದಲ್ಲಿ ಒಂದು ಷರಾ: ಏಕಧ್ವನಿ.

"ಒಬ್ಬಾಕಿ ಮಾತಾಡಿದ್ರ ಮನಿ ಅಲ್ಲಂತ!" ಎಂದು ಅವಳು ತಟ್ಟೆ ಕುಕ್ಕಿದಳು. "ಒಬ್ಬಾಕಿ ಹೆಂಗಸು ಇದ್ರ ಅದು ಮನಿ ಅಲ್ಲೇನು? ಗುಡಿಯಾಗ ದೇವರು ಒಬ್ಬನ ಇರತಾನ, ಅದನ್ನ ಯಾಕ ಮಂಡಳಿಗೆ ಕೊಡಂಗಿಲ್ಲ?"

"ದೇವರಿಗೆ ಪೂಜಾರಿ ಅದಾನಬೇ, ದಿನಾ ಗಂಟಿ ಬಾರಸ್ತಾನ" ಎಂದ ಮೈಬೂಸಾಬ. "ನಿಂಗೂ ನಾಕ ಮಂದಿ ಬೇಕು. ನಾವೇನು ಸತ್ತೇವೇನು?"

ಕಂಪನಿಯಲ್ಲಿ ಒಲೆ ಒಂದೇ, ತೊಂದರೆಯೂ ಒಂದೇ. ಮರುದಿನ ಗುರುಶಾಂತ ಮಗನಾದ. ನಾಯಕಿ ನಿರ್ಮಲಾ ಸೊಸೆಯಾದಳು. ಮೈಬೂಸಾಬ ಎರಡು ದಿನಕ್ಕೆಂದು ಬಂದು ಹೋಗಲೊಲ್ಲದ ಸೋದರಮಾವನಾದ. ಸಾದಾ ಸಂಸಾರ ಸಾಕು, ಉಪ್ಪು ಹುಳಿ ಮಾತಾಡಿದರೆ ಆಯಿತು ಎಂಬ ಕರಾರಿತ್ತು. ಆದರೆ ಅವರು ನಟರು. ಕಥೆಯಿಲ್ಲದೆ ನಟರನ್ನು ನಾಲ್ಕು ದಿನ ಕೂರಿಸುವುದು ಯಾರಿಂದಲೂ ಆಗದ ಮಾತು. ವಾರದೊಳಗೆ ಸೊಸೆಗೆ ತವರಿನ ನೆನಪು ಹತ್ತಿತು. ಮಗ ತಾಯಿಗೂ ಹೆಂಡತಿಗೂ ನಡುವೆ ಸಿಕ್ಕಿ ಊಟ ಬಿಟ್ಟ. ಮಾವನ ಕೈಗೆ ತುಪ್ಪದ ಡಬ್ಬಿ ಸಿಕ್ಕಿತು. ಮುಂದೆ ಸೊಸೆ ಬಸುರಾದಳು. ಅಡಿಗೆಯವಳು ಒಲೆ ಬಿಟ್ಟು ಬಂದು ಕೂತು, ಈಗ ಎಷ್ಟು ತಿಂಗಳು ಎಂದು ವಿಚಾರಿಸತೊಡಗಿದಳು.

ಅಂಕ ಏರಿತು. ಎಪ್ಪತ್ತು ದಾಟಿತು, ಎಂಬತ್ತೆಂಟಕ್ಕೆ ಬಂದು ನಿಂತಿತು. ಎಲ್ಲರ ಫೋನೂ ಸುರಂಗದಲ್ಲೇ ಓಡುತ್ತಿದ್ದುದರಿಂದ ಮೈಬೂಸಾಬ ನೋಡುವ ಕುಸ್ತಿಯೂ ನಿರ್ಮಲಾ ನೋಡುವ ಸೀರೆಗಳೂ ನವಲಗೇರಿಯ ಮನೆಯ ಲೆಕ್ಕಕ್ಕೇ ಸೇರುತ್ತಿದ್ದವು. ಕಸ್ತೂರಿಯ ಓಣಿಯ ಶಿವಗಂಗಮ್ಮ ಫೋನು ಮಾಡಿ, "ಮದಿವಿಗೆ ಕರೀಲಿಲ್ಲ, ಹೋಗ್ಲಿ. ಸೊಸಿಗೆ ಬಯಕಿ ಊಟಕ್ಕರ ಕರೀತಿಯೋ ಇಲ್ಲೋ?" ಎಂದು ನಕ್ಕಳು.

ನಗಲು ಕಸ್ತೂರಿಗೆ ಆಗಲಿಲ್ಲ. ತಾನು ಆ ಮನೆಯಲ್ಲಿ ಉಸಿರಾಡುತ್ತ ಕೂತಿದ್ದಾಗ ಹನ್ನೊಂದು. ಇಲ್ಲದ ಮಗ, ಇಲ್ಲದ ಸೊಸೆ, ತುಪ್ಪ ಕದಿಯುವ ಇಲ್ಲದ ಮಾವ ಕೂಡಿದರೆ ಎಂಬತ್ತೆಂಟು. ಅಂಕ ಒಂದೊಂದು ಏರಿದಾಗಲೂ ಅವಳ ಸಿಟ್ಟೂ ಏರುತ್ತಿತ್ತು. ಆ ಸಿಟ್ಟನ್ನು ಸಂಜೆ ಆಟದಲ್ಲಿ ಸೊಸೆಯರ ಮೇಲೆ ತೀರಿಸುತ್ತಿದ್ದಳು, ಜನ ಸೀಟಿ ಹೊಡೆಯುತ್ತಿದ್ದರು.

ಎರಡು ತಿಂಗಳಾಗಿ ಇನ್ನು ಗೆದ್ದೆ ಎನ್ನುವಾಗ ಫೋನಿಗೆ ಇನ್ನೊಂದು ನೋಟೀಸು ಬಂತು. ನಿಮ್ಮ ಮನೆಯ ಧ್ವನಿ ನಕಲು ಎಂದು ಕಂಡುಬಂದಿದೆ, ಖುದ್ದಾಗಿ ಹಾಜರಾಗಿ ವಿವರಣೆ ನೀಡದಿದ್ದರೆ ಮನೆಯನ್ನು ವಶಕ್ಕೆ ಪಡೆಯಲಾಗುವುದು.

"ನಕಲು! ಯಾರದ್ದಂತ?" ಎಂದು ಅವಳು ಗುರುಶಾಂತನ ಮೇಲೆ ಹಾರಿದಳು. ಅವನಿಗೂ ತಿಳಿಯಲಿಲ್ಲ.

ಅವಳು ಬಸ್ಸು ಹತ್ತಿದಳು. ನವಲಗೇರಿಯಲ್ಲಿ ಇಳಿದು ಮನೆಯ ಹಾದಿ ಹಿಡಿದಾಗ ಸಂಜೆಯ ಸಂಸಾರದ ಹೊತ್ತಾಗಿತ್ತು. ಕೈಲಿದ್ದ ಪಾತ್ರವನ್ನು ಕೈಬಿಟ್ಟು ರೂಢಿಯಿಲ್ಲ. ಅವಳು ನಡೆಯುತ್ತಲೇ ಫೋನು ತೆಗೆದು ಸುರಂಗ ಹಿಡಿದಳು. ಆ ಕಡೆ ಸಿಂಧನೂರಿನಲ್ಲಿ ನಿರ್ಮಲಾ ಆಗಲೇ ಕೂತಿದ್ದಳು.

"ಹಾಲು ಉಕ್ಕಿ ಹೋತಲ್ಲವಾ, ಕಣ್ಣು ಎಲ್ಲಿಟ್ಟಿದ್ದಿ?" ಎಂದಳು ಕಸ್ತೂರಿ.

ಬಲಗಡೆಯ ಮೂರಂತಸ್ತಿನ ಮನೆ ಅದನ್ನೇ ಹೇಳಿತು. ಹಾಲು ಉಕ್ಕಿ ಹೋತಲ್ಲವಾ, ಕಣ್ಣು ಎಲ್ಲಿಟ್ಟಿದ್ದಿ?

ಅವಳು ನಿಂತಳು. ಆ ಮನೆಯ ಗೇಟಿಗೆ ಬೀಗ. ಬೀಗದ ಮೇಲೆ ಜೇಡರಬಲೆ. ನಾಲ್ಕು ವರ್ಷದಿಂದ ಅಲ್ಲಿ ಯಾರೂ ಕಾಲಿಟ್ಟದ್ದನ್ನು ಓಣಿ ಕಂಡಿಲ್ಲ.

"ನನ್ನ ಕಣ್ಣು ತವರ ಕಡಿಗೆ ಅದಾವ ಅತ್ತಿ" ಎಂದಳು ನಿರ್ಮಲಾ ಫೋನಿನಲ್ಲಿ. ಮೂರಂತಸ್ತಿನ ಒಳಗಿನಿಂದಲೂ ಅಂದಳು. ಎಡಗಡೆಯ ಹೊಸ ಅಪಾರ್ಟ್‌ಮೆಂಟಿನ ಮೂರು ಕತ್ತಲೆ ಕಿಟಕಿಗಳಿಂದಲೂ ಅಂದಳು, ಅರ್ಧ ಉಸಿರು ತಡವಾಗಿ, ಒಂದರ ಹಿಂದೊಂದು.

ಕಸ್ತೂರಿ ಒಮ್ಮೆ ಕೆಮ್ಮಿದಳು. ಓಣಿಯೆಲ್ಲ ಕೆಮ್ಮಿತು.

ಮರುದಿನ ಅವಳು ಹಾಜರಾದ ಮಂಡಳಿಯ ವಾಸ ಕೇಂದ್ರದಲ್ಲಿ ಎಸಿ ಚಳಿ. ಇಡೀ ಗೋಡೆಯಷ್ಟು ದೊಡ್ಡ ಪರದೆ, ಅದರ ಮೇಲೆ ನವಲಗೇರಿಯ ಪ್ರತಿ ಮನೆಗೊಂದು ಹಸಿರು ಚುಕ್ಕೆ. ಜನ ಮಾತಾಡಿದಂತೆ ಚುಕ್ಕೆ ಹೊಳೆಯುತ್ತದೆ, ಸುಮ್ಮನಾದರೆ ಮಂಕಾಗುತ್ತದೆ. ಪ್ರಸನ್ನಕುಮಾರ ಕುರ್ಚಿ ಎಳೆದುಕೊಟ್ಟ, ನೀರು ಕೊಟ್ಟ.

"ಹೋದ ತಿಂಗಳಿಂದ ಮನೆಮನೆ ಧ್ವನೀನ ಒಂದಕ್ಕೊಂದು ಹೋಲಿಸಿ ನೋಡೋದು ಶುರುವಾಗಿದೆಯಮ್ಮ. ಅಲ್ಲೀವರೆಗೂ ಡಬ್ಬಿಗೆ ತನ್ನ ಮನೆ ಒಂದೇ ಗೊತ್ತಿತ್ತು. ನೋಡಿ ಈಗ." ಅವನು ಗುಂಡಿಯೊಂದನ್ನು ಒತ್ತಿದ. ಊರೆಲ್ಲ ಚದುರಿದ್ದ ಕೆಲವು ಚುಕ್ಕೆಗಳು ಕೆಂಪಾದವು. "ನಲವತ್ತೊಂದು ಮನೆ. ಎಲ್ಲದರಲ್ಲೂ ಒಂದೇ ಅತ್ತೆ, ಒಂದೇ ಸೊಸೆ. ಒಂದೇ ಸಲ ಬಸುರಿ."

"ಅದು ನನ್ನ ದನಿ! ಕಂಪನಿ ಮಂದಿ ದನಿ! ಅಲ್ಲಿಗೆ ಹೆಂಗ ಹೋತು?"

"ಡಬ್ಬಿ ಹಾಕಿರೋ ಸಂಸ್ಥೆಯವರದ್ದು ಒಂದು ಸೇವೆ ಇದೆಯಮ್ಮ. ಸಜೀವ ಗೃಹಧ್ವನಿ ಅಂತ. ಮಾಲೀಕರು ಊರಲ್ಲಿಲ್ದೇ ಇದ್ರೆ ತಿಂಗಳ ಚಂದಾ ಕಟ್ತಾರೆ, ಮನೇಲಿ ಸಂಸಾರ ಕೇಳ್ಸುತ್ತೆ. ಮುದ್ರಿಸಿದ್ದಲ್ಲ, ಆಗಿಂದಾಗ್ಗೇ ಬರೋದು. ಅದಕ್ಕೇ ಡಬ್ಬಿ ಒಪ್ಪುತ್ತೆ."

ಕಸ್ತೂರಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಮನೆ ಖಾಲಿ ಎಂದು ಹೇಳುವ ಡಬ್ಬಿಯೂ ಅವರದು, ಖಾಲಿ ಅಲ್ಲ ಎನ್ನಿಸುವ ಸಂಸಾರವೂ ಅವರದು. ಬೀಗದ ಮನೆಗಳಿಗೆ ತುಂಬಲು ಅವರಿಗೆ ಪ್ರತಿದಿನ ಹೊಸ ಮಾತಿನ ಜೀವಂತ ಸಂಸಾರವೊಂದು ಬೇಕಿತ್ತು. ಊರಿನ ಎಲ್ಲ ಮನೆಗಳ ಒಳಗೂ ಕಿವಿ ಇಟ್ಟವರು ಹುಡುಕಿದ್ದಾರೆ, ಅವಳ ಮನೆ ಸಿಕ್ಕಿದೆ. ಒಳ್ಳೆಯ ಉಚ್ಚಾರ, ಸಮಯಕ್ಕೆ ಸರಿಯಾಗಿ, ಅಳುವಿನಲ್ಲೂ ಪ್ರತಿ ಅಕ್ಷರ ಬಿಡಿಬಿಡಿ.

"ಮತ್ತ ನಂದು ಹೆಂಗ ನಕಲೋ?"

"ಆ ನಲವತ್ತಕ್ಕೂ ಸಂಸ್ಥೆಯ ಕರಾರಿದೆ, ಪ್ರಮಾಣಪತ್ರ ಇದೆ. ನಿಮ್ಮ ಹತ್ರ ಏನೂ ಇಲ್ಲ. ಜೊತೆಗೆ ನಿಮ್ಮನೆ ಧ್ವನಿ ವಿಪಿಎನ್ ಸುರಂಗದಿಂದ ಬರ್ತಿದೆ ಅಂತ ವರದಿ. ಕಾಗದ ಇಲ್ದೇ ಇರೋದು ಒಂದೇ ಮನೆ, ಅದೇ ನಕಲು ಅಂತ ಸಿಸ್ಟಮ್ ತಗೊಂಡಿದೆ."

"ಖರೆ ಹೇಳು. ನೀ ಏನ ಅಂತಿ? ನಿನ್ನ ಸಿಸ್ಟಮ್ ಬ್ಯಾಡ, ನೀ."

"ನಾನೇನೂ ಅನ್ನೋ ಹಾಗಿಲ್ಲಮ್ಮ. ಇನ್ನೊಂದಿದೆ, ಅದೇ ನಿಮಗೆ ಜಾಸ್ತಿ ಹೊಡೆತ." ಅವನು ಒಂದು ಧ್ವನಿ ಕೇಳಿಸಿದ. ಹೌದಪಾ, ಈ ಮನ್ಯಾಗ ಯಾರೂ ಇಲ್ಲ! ಇಲ್ಲಿದ್ದಾಕಿ ಸತ್ತಾಳ! "ನೀವೇ ಹೇಳಿದೀರ. ಡಬ್ಬಿ ಎದುರು ಮನೆಯವರ ದನಿಯಲ್ಲಿ ಆಡಿದ ಮಾತನ್ನ ಮಾಲೀಕರ ಹೇಳಿಕೆ ಅಂತಲೇ ತಗೋಬೇಕು ಅಂತ ಕಾಯಿದೇಲೇ ಇದೆ. ಅದರ ಮುಂದೆ ಬೇರೆ ಯಾವ ಪುರಾವೇನೂ ನಿಲ್ಲಲ್ಲ. ಆಮೇಲೆ ಬಂದ ಸಂಸಾರ ಅಸಲಿ ಅಂತ ಸಾಬೀತಾದ್ರೆ ಮಾತ್ರ ಅದು ರದ್ದು. ನಿಮ್ಮದು ನಕಲು ಅಂತ ಆಗಿದೆ."

"ಸಿಟ್ಟಿಲೆ ಅಂದದ್ದೋ ಅದು, ಹುಚ್ಚಪ್ಯಾಲಿ!"

"ಸಿಟ್ಟು ಅಂತ ಗುರುತು ಹಾಕೋಕೆ ಜಾಗ ಇಲ್ಲಮ್ಮ ಅದರಲ್ಲಿ."

ಕಸ್ತೂರಿ ಎದ್ದಳು. ಕೋಣೆಯಲ್ಲಿದ್ದ ಇನ್ನೂ ನಾಲ್ಕೈದು ಜನ ತಮ್ಮ ಪರದೆಗಳಿಂದ ತಲೆಯೆತ್ತಿದರು. ಅವಳ ಮನೆ ಹೋಗುತ್ತದೆ ಎಂಬುದು ಈಗ ಅವಳಿಗೆ ಖಾತ್ರಿಯಾಗಿತ್ತು. ಹೋಗುವುದಂತೂ ಹೋಯಿತು, ಆದರೆ ಕಾಗದವಿಲ್ಲದವಳ ಮನೆ ಮಾತ್ರ ಹೋಗಿ, ಅವಳದೇ ಗಂಟಲು ಕದ್ದ ನಲವತ್ತು ಬೀಗಗಳು ಅವಳ ದನಿಯಲ್ಲೇ ಸುಖವಾಗಿ ಸಂಸಾರ ಮಾಡಿಕೊಂಡಿರುವುದು?

"ಮನೆಯವರ ದನಿಯಾಗ ಆಡಿದ ಮಾತು ಹೇಳಿಕಿ. ಹೌದಿಲ್ಲೋ?"

"ಹೌದಮ್ಮ."

"ಎಲ್ಲಾ ಮನಿಗೂ?"

"ಕಾನೂನು ಎಲ್ಲರಿಗೂ ಒಂದೇ" ಎಂದ ಪ್ರಸನ್ನಕುಮಾರ. ಅವನು ಅದನ್ನು ನಂಬಿದ್ದ.

"ಆ ನಲವತ್ತು ಮನ್ಯಾಗ ಮನೆಯವರ ದನಿ ಅಂತ ನಿಮ್ಮ ಡಬ್ಬಿ ಯಾರ ದನೀನ ಬರ್ಕೊಂಡೈತಿ?"

ಅವನು ಪರದೆಯ ಕಡೆ ತಿರುಗಿದ. ಅಷ್ಟರಲ್ಲಿ ಅವಳು ಫೋನು ತೆಗೆದಿದ್ದಳು. ಸುರಂಗ ತೆರೆದುಕೊಂಡಿತು. ಸಿಂಧನೂರಿನ ಕಡೆಯಿಂದ ಗುರುಶಾಂತ, "ಅಕ್ಕಾ, ಏನಾತು?" ಎಂದ. ಗೋಡೆಯ ಮೇಲೆ ನಲವತ್ತೊಂದು ಕೆಂಪು ಚುಕ್ಕೆಗಳು ಒಟ್ಟಿಗೆ ಹೊಳೆದವು.

"ಸುಮ್ಮಿರು. ಈಗ ನಂದು ಮಾತು."

ಅವಳು ಉಸಿರು ಎಳೆದುಕೊಂಡಳು. ರಂಗದ ಮೇಲೆ ನಿಂತಂತೆ ನಿಂತಳು, ಆದರೆ ಎದುರಿಗೆ ಪ್ರೇಕ್ಷಕರಿರಲಿಲ್ಲ, ಬರೆದುಕೊಟ್ಟ ಮಾತೂ ಇರಲಿಲ್ಲ.

"ಈ ಮನಿ ಖಾಲಿ ಐತಿ" ಎಂದಳು. "ಇಲ್ಲಿ ಯಾರೂ ಇಲ್ಲ. ಕಟ್ಟಿದಾಗಿಂದ ಇಲ್ಲಿ ಒಂದು ದಿನ ಒಲಿ ಹತ್ತಿಲ್ಲ. ಇಲ್ಲಿ ಯಾರೂ ಬಸುರಾಗಿಲ್ಲ, ಯಾರೂ ತುಪ್ಪಾ ಕದ್ದಿಲ್ಲ. ಇದ್ದದ್ದು ಒಂದು ಬಾಡಿಗಿ ದನಿ, ಅದಕ್ಕೂ ಬಾಡಿಗಿ ಕೊಟ್ಟಿಲ್ಲ. ಇದು ಮನೆಯವರ ಹೇಳಿಕಿ. ಬರ್ಕೊಳ್ರಿ!"

ಪ್ರಸನ್ನಕುಮಾರನ ಮೇಜಿನ ಸ್ಪೀಕರಿನಲ್ಲಿ ಊರಿನ ಬೇರೆಬೇರೆ ಮೂಲೆಗಳಿಂದ ಅದೇ ಮಾತು ಅರ್ಧರ್ಧ ಉಸಿರು ತಡವಾಗಿ ಬಂತು. ಮೂರಂತಸ್ತುಗಳು, ಡೂಪ್ಲೆಕ್ಸುಗಳು, ರಿಂಗ್ ರೋಡಿನ ಬಂಗಲೆಗಳು ತಾವು ಖಾಲಿ ಎಂದು ಗಟ್ಟಿ ದನಿಯಲ್ಲಿ ಒಪ್ಪಿಕೊಂಡವು. ಹೇಳಿಕೆ ದಾಖಲಾಗುತ್ತಿದ್ದಂತೆ ಚುಕ್ಕೆಗಳು ಒಂದೊಂದಾಗಿ ಆರತೊಡಗಿದವು. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಅಯ್ಯ, ಇದು ನಮ್ಮ ಸಾಹೇಬರ ಮನಿ ಅಲ್ಲ?" ಎಂದು ಬಾಯಿಗೆ ಕೈ ಹಿಡಿದಳು.

ಕಸ್ತೂರಿಯ ಚುಕ್ಕೆಯೂ ಆರಿತು. ಆರುವುದನ್ನು ಅವಳು ನಿಂತು ನೋಡಿದಳು. ಎರಡು ಕೋಣೆ, ಒಂದು ಅಟ್ಟ, ಹಿತ್ತಿಲಲ್ಲಿ ಒಂದು ಕರಿಬೇವಿನ ಗಿಡ. ಅದನ್ನು ಬೇರೆ ಯಾರೂ ಆರಿಸಬೇಕಾಗಿ ಬರಲಿಲ್ಲ, ಆರಿಸಿದ್ದು ತಾನೇ ಎಂಬುದೊಂದೇ ಸಮಾಧಾನ. ಅದೂ ಸಮಾಧಾನವಾಗಿರಲಿಲ್ಲ.

"ಈಗ ಹೊತ್ಕೊಂಡ ಹೋಗ್ರಿ. ಎಲ್ಲಾನೂ" ಎಂದು ಅವಳು ಹೊರಬಿದ್ದಳು.

ಮನೆಗೆ ಬಂದು ಅಟ್ಟ ಹತ್ತಿ ಲ್ಯಾಪ್‌ಟಾಪನ್ನೂ ಸ್ಪೀಕರನ್ನೂ ಕಿತ್ತು ಚೀಲಕ್ಕೆ ತುಂಬಿದಳು. ಪಾತ್ರೆಗಳನ್ನು ಗೋಣಿಗೆ ಹಾಕಿದಳು. ಮಂಡಳಿಯವರು ಬಂದು ಹೊರಗೆ ಎಸೆಯುವ ಮೊದಲು ತಾನೇ ಹೊರಡಬೇಕೆಂದು ಹಟ. ಕರಿಬೇವಿನ ಗಿಡದ ಮುಂದೆ ಮಾತ್ರ ಏನು ಮಾಡಬೇಕೆಂದು ತಿಳಿಯದೆ, ಅದಕ್ಕೆ ಒಂದು ಕೊಡ ನೀರು ಹಾಕಿದಳು.

ಮಂಡಳಿಯವರು ಬರಲಿಲ್ಲ. ಮರುದಿನ ಬೆಳಿಗ್ಗೆ ಪ್ರಸನ್ನಕುಮಾರನ ಫೋನು ಬಂತು.

"ಶುಭ ಸಮಾಚಾರಮ್ಮ! ಕಾಯಿದೆಗೆ ತಡೆ ಬಿದ್ದಿದೆ. ನಿನ್ನೆ ಸಂಜೆಯೇ ಆದೇಶ ಬಂತು. ತಾಂತ್ರಿಕ ದೋಷ ಕಂಡುಬಂದಿರೋದ್ರಿಂದ ರಾಜ್ಯದಾದ್ಯಂತ ಯಾವ ಮನೇನೂ ಮುಟ್ಟೋ ಹಾಗಿಲ್ಲ."

"ನಿನ್ನೆ ಸಂಜಿಗೇ?"

"ಹೂಂ. ಇಷ್ಟು ಬೇಗ ಆದೇಶ ಬಂದಿದ್ದು ನನ್ನ ಸರ್ವೀಸಲ್ಲೇ ನೋಡಿಲ್ಲ."

"ನಾ ನಿನ್ನ ಮುಂದ ಎಷ್ಟು ಬಡಕೊಂಡೆ? ದೋಷ ಆವಾಗ ಕಾಣಲಿಲ್ಲೇನು?"

ಆ ಕಡೆ ಅವನು ಕಾಗದ ತಿರುವಿದ ಸದ್ದು ಕೇಳಿತು.

"ಮತ್ತ ಮಳಿಗಾಲದಾಗ ನಾ ಮೂರು ತಿಂಗಳು ಇಲ್ಲೇ ಇದ್ದೆ. ಅದನ್ನರ ಈಗ ಬರ್ಕೋತೀರೋ?"

"ಈಗ ಏನೂ ಬರ್ಕೊಳೋ ಹಾಗಿಲ್ವಲ್ಲಮ್ಮ, ತಡೆ ಇದೆ. ಮನೆ ಉಳೀತಲ್ಲ, ಬಿಡಿ. ದಾಖಲೇಲಿ ಇದ್ರೆಷ್ಟು, ಬಿಟ್ರೆಷ್ಟು?"

ಅವಳು ಫೋನನ್ನು ಗೋಡೆಗೆ ಎಸೆಯಲಿಲ್ಲ. ಎಸೆಯಬೇಕೆಂದು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದಳು. ಮನೆ ಉಳಿದಿತ್ತು. ಉಳಿಸಿದವರು ಆ ನಲವತ್ತು ಮಂದಿ. ತಮ್ಮ ಬೀಗಗಳಿಗೆ ಹೆದರಿ ಅವರು ಯಾರ್ಯಾರ ಬಾಗಿಲು ಬಡಿದರೋ, ಆ ಗದ್ದಲದಲ್ಲಿ ಅವಳ ಎರಡು ಕೋಣೆಯೂ ಅವರ ಬಂಗಲೆಗಳ ಬೆನ್ನಿಗೆ ಅಂಟಿಕೊಂಡು ದಡ ಸೇರಿತ್ತು. ಇತ್ತ ಬಾಡಿಗೆಗೆಂದು ಸಾಲಿನಲ್ಲಿ ನಿಂತಿದ್ದ ಮನೆಯಿಲ್ಲದವರು ನಿಂತಲ್ಲೇ ನಿಂತರು. ಅವರ ಸುದ್ದಿ ಆದೇಶದಲ್ಲಿ ಎಲ್ಲೂ ಇರಲಿಲ್ಲ.

ಮಧ್ಯಾಹ್ನ ಓಣಿಗೆ ದೊಡ್ಡ ಕಾರೊಂದು ಬಂತು. ಮೂರಂತಸ್ತಿನ ಮನೆಯ ಮುಂದೆ ನಿಂತು ಒಬ್ಬ ಠೀವಿಯ ಮನುಷ್ಯ ಇಳಿದ. ಬೀಗದ ಜೇಡರಬಲೆಯನ್ನು ಕರವಸ್ತ್ರದಿಂದ ಒರೆಸಿದ. ಗೊಂಚಲಿನಲ್ಲಿದ್ದ ಕೀಲಿಗಳನ್ನು ಒಂದೊಂದಾಗಿ ತುರುಕಿ ನೋಡಿದ, ಯಾವುದೂ ಹತ್ತಲಿಲ್ಲ. ಸುತ್ತ ನೋಡಿ, ಕಟ್ಟೆಯ ಮೇಲೆ ಗೋಣಿಯಿಂದ ಪಾತ್ರೆ ಹೊರತೆಗೆಯುತ್ತಿದ್ದ ಕಸ್ತೂರಿಯ ಹತ್ತಿರ ಬಂದ.

"ನಮಸ್ಕಾರ್ರಿ ಅಕ್ಕಾರ. ಆ ಮನಿ ನಮ್ಮದು."

"ಹೌದ್ರಿ?" ಎಂದಳು ಕಸ್ತೂರಿ.

ಅವನು ತಲೆ ವಾರೆ ಮಾಡಿದ. "ನಿಮ್ಮ ದನಿ ಎಲ್ಲೋ ಕೇಳಿದಂಗ ಐತಲ್ರಿ."

"ನಿಮ್ಮ ಮನ್ಯಾಗ ಕೇಳಿರಬೇಕ್ರಿ."

ಅವನು ಇದನ್ನು ಹಳ್ಳಿ ಕಡೆಯ ಚಾಷ್ಟಿ ಎಂದು ತಿಳಿದು ಧಾರಾಳವಾಗಿ ನಕ್ಕ. ಹುಬ್ಬಳ್ಳಿಯಲ್ಲಿ ವ್ಯಾಪಾರವೆಂದೂ ಇಲ್ಲಿ ಬರಲು ಪುರಸತ್ತು ಇಲ್ಲವೆಂದೂ ನಿನ್ನೆ ಯಾರೋ ಕಿಡಿಗೇಡಿ ಹೆಂಗಸಿನಿಂದ ಸುಮ್ಮಸುಮ್ಮನೆ ತಲೆನೋವಾಯಿತೆಂದೂ ಹೇಳಿದ. ಕಿಸೆಯಿಂದ ಕೀಲಿಗೊಂಚಲು ತೆಗೆದು ಅವಳ ಕಡೆ ಚಾಚಿದ.

"ಇದರಾಗ ಯಾವುದೋ ಒಂದು ಹತ್ತತೈತಿ. ನೀವು ಹೆಂಗೂ ಇಲ್ಲೇ ಇರ್ತೀರಲ್ಲ, ಆವಾಗ ಈವಾಗ ಬಾಗಿಲು ತೆಗೆದು ಕಸಾ ಹೊಡೆದು, ಸ್ವಲ್ಪ ನೋಡ್ಕೊಳ್ರಿ. ಏನಾರ ಕೊಡೂಣು."

ಕಸ್ತೂರಿ ಆ ಗೊಂಚಲನ್ನು ನೋಡಿದಳು, ಅವನ ಮುಖ ನೋಡಿದಳು. ನೀನು ಇಲ್ಲಿರುತ್ತೀಯ ಎಂದು ಅವಳಿಗೆ ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಿದ್ದು ಈ ವರ್ಷದಲ್ಲಿ ಇದೇ ಮೊದಲು.

"ನಾ ಇಲ್ಲಿ ಇರೂದಿಲ್ರಿ" ಎಂದಳು. "ಬೇಕಾದ್ರ ಸರಕಾರದವ್ರನ್ನ ಕೇಳ್ರಿ."

ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋಗಿ, ಅವನ ಮುಖದ ಮುಂದೆಯೇ ಬಾಗಿಲು ಹಾಕಿ ಅಗುಳಿ ಜಡಿದಳು.